ಕಪಿಲೆಯ ದಂಡೆಯಲ್ಲಿ ಓದಿನ ಲೆಕ್ಕ

ವರ್ಷದ ಕೊನೆಗೆ ಗೃಹಸ್ಥನು ಜಮಾಖರ್ಚಿನ ಲೆಕ್ಕವನ್ನು ನೋಡುವಂತೆ, ಪುಸ್ತಕಪ್ರಿಯನಾದವನು ತನ್ನ ಓದಿನ ಲೆಕ್ಕವನ್ನು ನೋಡಿಕೊಳ್ಳುತ್ತಾನೆ. ಯಾವ ಪುಸ್ತಕ ಮುಗಿಯಿತು, ಯಾವುದು ಅರ್ಧಕ್ಕೆ ನಿಂತಿತು, ಯಾವುದನ್ನು ಎರಡನೆಯ ಸಲ ಕೈಗೆತ್ತಿಕೊಳ್ಳಬೇಕೆನಿಸಿತು, ಎಲ್ಲವೂ ದಿನಚರಿಯ ಹಿಂಬದಿಯ ಪುಟಗಳಲ್ಲಿ ಬರೆದಿರುತ್ತದೆ. ಆದರೆ ಆ ಪಟ್ಟಿಯನ್ನು ಓದಿ ಹೇಳುವುದಕ್ಕೆ ಎದುರಿಗೊಬ್ಬ ಸಹೃದಯನಿಲ್ಲದಿದ್ದರೆ, ಅದು ಒಬ್ಬನೇ ಕುಳಿತು ಉಂಡ ಹಬ್ಬದ ಊಟದಂತೆ. ಹೊಟ್ಟೆ ತುಂಬೀತು, ಹಬ್ಬವಾಗದು. ಓದಿದ್ದನ್ನು ಹಂಚಿಕೊಳ್ಳುವ ಈ ಹಂಬಲವುಳ್ಳವರಿಗೆ ಒಂದು ಯಾತ್ರಾಸ್ಥಳವನ್ನು ಸೂಚಿಸಬೇಕೆಂದರೆ ದೂರ ಹೋಗಬೇಕಾಗಿಲ್ಲ. ಮೈಸೂರಿಗೆ ಸಮೀಪದಲ್ಲಿಯೇ, ಕಪಿಲಾ ನದಿಯ ದಂಡೆಯಲ್ಲಿ, ಅಂತಹ ಎರಡು ಊರುಗಳಿವೆ: ನಂಜನಗೂಡು ಮತ್ತು ತಿರುಮಕೂಡಲು ನರಸೀಪುರ.

ಮೈಸೂರಿನಿಂದ ನಂಜನಗೂಡಿಗೆ ಒಂದು ಗಂಟೆಯ ಹಾದಿಯೂ ಅಲ್ಲ. ಊರು ಸಮೀಪಿಸುತ್ತಿದ್ದಂತೆ ದಳವಾಯಿ ದೇವರಾಜಯ್ಯನು 1735ರಲ್ಲಿ ಕಟ್ಟಿಸಿದನೆನ್ನಲಾಗುವ ಕಲ್ಲಿನ ಸೇತುವೆ ಕಾಣಿಸುತ್ತದೆ. ಒಂದು ಕಾಲಕ್ಕೆ ರೈಲುಗಾಡಿಯೂ ಎತ್ತಿನ ಬಂಡಿಯೂ ಇದೇ ಸೇತುವೆಯ ಮೇಲೆ ಹಾದುಹೋಗುತ್ತಿದ್ದವು. ಅದರಾಚೆಗೆ ಶ್ರೀಕಂಠೇಶ್ವರನ ಗೋಪುರ. ಬಹುಮಂದಿ ಯಾತ್ರಿಕರು ಕಪಿಲೆಯಲ್ಲಿ ಮಿಂದು, ದೇವರ ದರ್ಶನ ಮಾಡಿ, ಟಿಪ್ಪುವಿನ ಆನೆಯ ಕಣ್ಣುಬೇನೆಯನ್ನು ವಾಸಿ ಮಾಡಿ ‘ಹಕೀಂ ನಂಜುಂಡ’ನೆಂದು ಹೆಸರಾದ ಸ್ವಾಮಿಯ ಕಥೆಯನ್ನು ಕೇಳಿ, ಅಂಗಡಿಯಲ್ಲಿ ಹಲ್ಲುಪುಡಿಯ ಪೊಟ್ಟಣವನ್ನು ಕೊಂಡು ಹಿಂದಿರುಗುತ್ತಾರೆ.

ದೇವಾಲಯದ ಪ್ರಾಕಾರದಲ್ಲಿ ಅರವತ್ತಮೂವರು ಪುರಾತನರ ವಿಗ್ರಹಗಳು ಸಾಲಾಗಿ ನಿಂತಿವೆ. ಬೇಡ, ಕುಂಬಾರ, ಅಗಸ, ಅರಸ—ಎಲ್ಲ ಕುಲದ, ಎಲ್ಲ ಕಸುಬಿನ ಶಿವಭಕ್ತರು. ಹರಿಹರನ ರಗಳೆಗಳನ್ನು ಓದಿದವರಿಗೆ ಇವರಲ್ಲಿ ಹಲವರು ಹಳೆಯ ಪರಿಚಿತರು. ಅಕ್ಷರ ಬಾರದವರಿಗೂ ಇವರು ಅಪರಿಚಿತರಾಗಿರಲಿಲ್ಲ. ಅಜ್ಜಿಯೊಬ್ಬಳು ಮೊಮ್ಮಗನ ಕೈಹಿಡಿದು ವಿಗ್ರಹದಿಂದ ವಿಗ್ರಹಕ್ಕೆ ನಡೆಯುತ್ತ, “ನೋಡಪ್ಪ, ಇವರೇ ಕಣ್ಣನ್ನೇ ಕಿತ್ತುಕೊಟ್ಟ ಕಣ್ಣಪ್ಪನವರು” ಎಂದು ಹೇಳುವಾಗ ಅಲ್ಲಿ ನಡೆಯುವುದು ಪುಸ್ತಕವಿಲ್ಲದ ಓದು. ಒಬ್ಬರು ಬಲ್ಲದ್ದು ಮತ್ತೊಬ್ಬರಿಗೆ ದಾಟುವ ಕ್ರಮ ಈ ಊರಿಗೆ ಹೊಸದೇನಲ್ಲ.

ಈ ಕ್ರಮವನ್ನು ಅಚ್ಚಿನ ಮನೆಗೆ ಕೊಂಡೊಯ್ದವರು ಇದೇ ಊರಿನ ಒಬ್ಬ ಹೆಣ್ಣುಮಗಳು. ನಂಜನಗೂಡಿನ ಸದ್ವೈದ್ಯಶಾಲೆ ಆರಂಭವಾದುದು 1913ರಲ್ಲಿ. ಅಲ್ಲಿಯ ಹಲ್ಲುಪುಡಿ ಮುಂದೆ ಕನ್ನಡನಾಡಿನ ಮನೆಮನೆಯ ಬಚ್ಚಲಿಗೂ ಹೋಗಿ ಸೇರಿತು. ಅದೇ 1913ರಲ್ಲಿ ಅದೇ ಊರಿನಲ್ಲಿ ‘ಸತೀ ಹಿತೈಷಿಣೀ’ ಎಂಬ ಗ್ರಂಥಮಾಲೆಯೂ ಹುಟ್ಟಿತು. ಅದರ ಸಂಸ್ಥಾಪಕಿ ತಿರುಮಲಾಂಬನವರು. ಹಲ್ಲುಪುಡಿಯನ್ನು ಬಲ್ಲವರಲ್ಲಿ ಎಷ್ಟು ಮಂದಿ ಗ್ರಂಥಮಾಲೆಯನ್ನು ಬಲ್ಲರು?

ತಿರುಮಲಾಂಬನವರು ಜನಿಸಿದ್ದು 1887ರಲ್ಲಿ, ನಂಜನಗೂಡಿನ ವಕೀಲರೊಬ್ಬರ ಮನೆಯಲ್ಲಿ. ಅಂದಿನ ಪದ್ಧತಿಯಂತೆ ಆಟವಾಡುವ ವಯಸ್ಸಿನಲ್ಲಿಯೇ ವಿವಾಹವಾಯಿತು. ಹರೆಯ ತುಂಬುವ ಮೊದಲೇ ವೈಧವ್ಯವೂ ಪ್ರಾಪ್ತವಾಯಿತು. ಅಂತಹ ಬಾಲೆಗೆ ಸಮಾಜವು ಉಳಿಸುತ್ತಿದ್ದುದು ಅಡಿಗೆಮನೆಯ ಮೂಲೆಯೊಂದನ್ನೇ. ಆದರೆ ಆಕೆಯ ತಂದೆ ಮಗಳ ಕೈಗೆ ಪುಸ್ತಕವನ್ನು ಕೊಟ್ಟರು. ಕನ್ನಡದೊಡನೆ ತಮಿಳು, ತೆಲುಗು ಭಾಷೆಗಳ ಗ್ರಂಥಗಳೂ ಆಕೆಯ ಒಂಟಿತನಕ್ಕೆ ಜೊತೆಯಾದವು. ಹೊರಗೆ ಹೋಗಲಾಗದ ಹುಡುಗಿಯ ಬಳಿಗೆ ಲೋಕವೇ ಪುಸ್ತಕರೂಪದಲ್ಲಿ ಬಂದು ಕುಳಿತಿತು.

ಇಷ್ಟಕ್ಕೇ ನಿಂತಿದ್ದರೆ ಅದೊಂದು ಮನೆಯ ಕಥೆಯಾಗಿ ಮುಗಿಯುತ್ತಿತ್ತು. ತಮಗೆ ದೊರೆತ ಬೆಳಕನ್ನು ತಮ್ಮಲ್ಲಿಯೇ ಇಟ್ಟುಕೊಳ್ಳಲು ತಿರುಮಲಾಂಬನವರ ಮನಸ್ಸು ಒಪ್ಪಲಿಲ್ಲ. ತಾವು ಓದಿದ್ದನ್ನೂ, ಓದುತ್ತ ಯೋಚಿಸಿದ್ದನ್ನೂ ತಮ್ಮಂತೆಯೇ ಮನೆಯೊಳಗಿದ್ದ ಹೆಂಗಸರಿಗೆ ತಲುಪಿಸುವ ಬಗೆಯನ್ನು ಅವರು ಹುಡುಕಿದರು. ‘ಸುಶೀಲೆ’, ‘ನಭಾ’, ‘ಮಾತೃನಂದಿನಿ’ ಮೊದಲಾದ ಕೃತಿಗಳನ್ನು ಬರೆದರು; ಪ್ರಕಾಶನದ ಹೊಣೆಯನ್ನೂ ತಾವೇ ಹೊತ್ತರು. ಬಳಿಕ ‘ಕರ್ನಾಟಕ ನಂದಿನಿ’ ಎಂಬ ಪತ್ರಿಕೆಯನ್ನು ಹೊರಡಿಸಿದರು. ಕನ್ನಡದಲ್ಲಿ ಮಹಿಳೆಯೊಬ್ಬರು ಸಂಪಾದಿಸಿದ ಮೊಟ್ಟಮೊದಲ ಪತ್ರಿಕೆಗಳಲ್ಲಿ ಅದೊಂದು. ಮಕ್ಕಳಿಗಾಗಿ ‘ಸನ್ಮಾರ್ಗದರ್ಶಿನಿ’ಯನ್ನೂ ನಡೆಸಿದರು. ಊರಿನಲ್ಲಿ ಅಕ್ಷರ ಬಲ್ಲ ಹೆಂಗಸೊಬ್ಬಳಿದ್ದರೆ ಅವಳ ಸುತ್ತ ನಾಲ್ವರು ಕುಳಿತು ಕೇಳುತ್ತಿದ್ದ ಕಾಲವದು. ಒಂದು ಪ್ರತಿ ಒಂದು ಮನೆಗೆ ಹೋದರೆ ಒಂದು ಬೀದಿಗೇ ಹೋದಂತೆ.

ಇಂದಿನ ವಾಚಕನಿಗೆ ಆ ಕಾದಂಬರಿಗಳಲ್ಲಿ ಉಪದೇಶ ಹೆಚ್ಚಾಯಿತೆನಿಸಬಹುದು. ಸಾಧ್ವೀಧರ್ಮದ ಮಾತು ಪುಟಪುಟದಲ್ಲಿಯೂ ಬರುತ್ತದೆಂದು ಆತ ಮುಖ ತಿರುಗಿಸಬಹುದು. ಆದರೆ ಓದುವ ಹೆಣ್ಣು ಕೆಡುತ್ತಾಳೆಂದು ನಂಬಿದ್ದ ಹಿರಿಯರಿದ್ದ ಮನೆಗಳ ಬಾಗಿಲನ್ನು ದಾಟಬೇಕಾದ ಪುಸ್ತಕ ಬೇರೆ ಯಾವ ವೇಷದಲ್ಲಿ ಹೋಗಬಹುದಾಗಿತ್ತು? ಸದುಪದೇಶದ ಸೆರಗಿನೊಳಗೆ ಅವರು ವಿದ್ಯೆಯನ್ನು ಮರೆಮಾಡಿ ಕೊಂಡೊಯ್ದರು. ಮೈಸೂರಿನ ತ್ರಿವೇಣಿಯವರ ಕಾದಂಬರಿಗಳಿಗಾಗಿ ಗೃಹಿಣಿಯರು ಕಾತರದಿಂದ ಕಾಯುವ ಕಾಲ ಬಂದುದು ದಶಕಗಳ ತರುವಾಯ. ಆ ಗೃಹಿಣಿಯರ ತಾಯಂದಿರಿಗೆ ಓದಿನ ರುಚಿಯನ್ನು ಹತ್ತಿಸಿದವರಲ್ಲಿ ನಂಜನಗೂಡಿನ ಈ ಮಹಿಳೆಯೂ ಒಬ್ಬರು.

ಮುಂದಿನ ಕಥೆ ವಿಷಾದದ್ದು. ತಿರುಮಲಾಂಬನವರ ಲೇಖನಿ ನಿಂತಿತು, ಪತ್ರಿಕೆಗಳು ನಿಂತವು, ಅವರು ದೂರದ ಮದರಾಸನ್ನು ಸೇರಿದರು. ಸಾಹಿತ್ಯಲೋಕ ಅವರನ್ನು ಮರೆತಿತು. ಹತ್ತಾರು ವರ್ಷಗಳ ಬಳಿಕ, ವಿದುಷಿ ಚಿ. ನ. ಮಂಗಳಾ ಅವರಂತಹವರ ಪ್ರಯತ್ನದಿಂದ ಆ ಹೆಸರು ಮತ್ತೆ ಬೆಳಕಿಗೆ ಬಂದಾಗ ತಿರುಮಲಾಂಬನವರು ಬಹು ವೃದ್ಧೆ. 1982ರಲ್ಲಿ ಅವರು ತೀರಿಕೊಂಡರು. ಇಂದು ಲೇಖಕಿಯರಿಗೆ ಕೊಡುವ ಒಂದು ಪ್ರಶಸ್ತಿ ಅವರ ಹೆಸರನ್ನು ಹೊತ್ತಿದೆ. ಹೆಸರು ಉಳಿದಿದೆ, ಪುಸ್ತಕಗಳನ್ನು ಓದಿದವರು ವಿರಳ.

ನಂಜನಗೂಡಿನ ರಸಬಾಳೆಯ ಕಥೆಯೂ ಹೀಗೆಯೇ. ಒಂದು ಕಾಲಕ್ಕೆ ಸುತ್ತಣ ತೋಟಗಳಲ್ಲೆಲ್ಲ ಬೆಳೆಯುತ್ತಿದ್ದ ಆ ಹಣ್ಣು ರೋಗಕ್ಕೆ ತುತ್ತಾಗಿ ಅಪರೂಪವಾಯಿತು. ಬಾಳೆಗೆ ಬೀಜವಿಲ್ಲ. ಒಬ್ಬರ ತೋಟದ ಒಳ್ಳೆಯ ಕಂದನ್ನು ಕಿತ್ತು ಮತ್ತೊಬ್ಬರ ತೋಟದಲ್ಲಿ ನೆಟ್ಟರೆ ಮಾತ್ರ ತಳಿ ಉಳಿದೀತು. ಪುಸ್ತಕವೂ ಅಂತಹುದೇ. ಗ್ರಂಥಾಲಯದ ಕಪಾಟಿನಲ್ಲಿ ಅದು ಹಾಳಾಗದೆ ಇದ್ದೀತು. ಆದರೆ ಅದು ಬದುಕುವುದು, ಓದಿದವನೊಬ್ಬನು “ಇದನ್ನು ನೀವು ಓದಲೇಬೇಕು” ಎಂದು ಇನ್ನೊಬ್ಬನ ಕೈಗೆ ಕೊಟ್ಟಾಗ.

ನಂಜನಗೂಡಿನಿಂದ ಕಪಿಲೆಯ ಹರಿವನ್ನು ಅನುಸರಿಸಿ ಈಶಾನ್ಯಕ್ಕೆ ಹೊರಟರೆ, ಸುತ್ತೂರಿನ ಮಠವನ್ನು ಹಾದು, ಭತ್ತದ ಗದ್ದೆಗಳ ನಡುವೆ ಸಾಗುವ ದಾರಿ ತಿರುಮಕೂಡಲು ನರಸೀಪುರವನ್ನು ಸೇರುತ್ತದೆ. ಇಲ್ಲಿ ಕಪಿಲೆ ಕಾವೇರಿಯನ್ನು ಕೂಡುತ್ತಾಳೆ. ಕಣ್ಣಿಗೆ ಕಾಣದ ಸ್ಫಟಿಕ ಸರೋವರವೂ ಸೇರಿ ಇದು ತ್ರಿವೇಣಿ ಸಂಗಮವೆಂಬ ನಂಬಿಕೆಯಿದೆ. ಮೂರು ವರ್ಷಕ್ಕೊಮ್ಮೆ ಕುಂಭಮೇಳವನ್ನು ನಡೆಸುವ ಪದ್ಧತಿ 1989ರಲ್ಲಿ ಆರಂಭವಾಯಿತು. ಉಳಿದ ದಿನಗಳಲ್ಲಿ ಸೋಪಾನದ ಮೇಲೆ ಕುಳಿತವರಿಗೆ ನೀರಿನ ಸದ್ದೇ ಸಂಗಾತಿ.

ನಂಜನಗೂಡಿನ ಓದು ಮನೆಯೊಳಗೆ ಹುಟ್ಟಿ ಅಚ್ಚಿನ ಮೂಲಕ ಹೊರಗೆ ಹರಿದದ್ದಾದರೆ, ನರಸೀಪುರದ ಸೀಮೆಯಲ್ಲಿ ಕಾಣುವುದು ಬಯಲಿನಲ್ಲಿ ಎಲ್ಲರಿಗೂ ತೆರೆದಿಟ್ಟ ಓದು. ಇದೇ ತಾಲ್ಲೂಕಿನ ಸೋಮನಾಥಪುರದಲ್ಲಿ, 1268ರಲ್ಲಿ ಸೋಮನಾಥ ದಂಡನಾಯಕನು ಕಟ್ಟಿಸಿದ ಕೇಶವ ದೇವಾಲಯದ ಹೊರಗೋಡೆಯ ಮೇಲೆ ರಾಮಾಯಣ, ಭಾಗವತ, ಭಾರತದ ಕಥೆಗಳನ್ನು ಪಟ್ಟಿಕೆಗಳಲ್ಲಿ ಕಡೆದಿದ್ದಾರೆ. ಪ್ರದಕ್ಷಿಣೆ ಬರುವವನ ಹೆಜ್ಜೆಯೊಡನೆ ಕಥೆಯೂ ಮುಂದುವರಿಯುತ್ತದೆ. ಅನೇಕ ಶಿಲ್ಪಗಳ ಕೆಳಗೆ ಮಲ್ಲಿತಮ್ಮನೆಂಬ ಶಿಲ್ಪಿ ತನ್ನ ಹೆಸರನ್ನು ಕೊರೆದಿದ್ದಾನೆ, ಗ್ರಂಥಕರ್ತನು ಮುಖಪುಟದಲ್ಲಿ ಹೆಸರನ್ನು ಹಾಕಿಸಿದಂತೆ. 2023ರಲ್ಲಿ ಯುನೆಸ್ಕೋ ಈ ದೇವಾಲಯವನ್ನು ಬೇಲೂರು, ಹಳೇಬೀಡುಗಳೊಡನೆ ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು.

ಕಲ್ಲಿನಲ್ಲಿ ಹೀಗಾದರೆ ಕಂಠದಲ್ಲಿ ಗಮಕ. ಮೈಸೂರು ಸೀಮೆಯ ಊರೂರುಗಳಲ್ಲಿ ಸುಗ್ಗಿ ಮುಗಿದ ಮೇಲೆ, ಇಲ್ಲವೆ ಮಳೆಗಾಲದ ಸಂಜೆಗಳಲ್ಲಿ, ಗುಡಿಯ ಜಗಲಿಯ ಮೇಲೆ ಭಾರತವನ್ನು ಓದಿಸುವ ಪದ್ಧತಿಯಿತ್ತು. ಒಬ್ಬರು ರಾಗವಾಗಿ ವಾಚಿಸುವರು, ಮತ್ತೊಬ್ಬರು ಅರ್ಥ ಹೇಳುವರು, ಊರೆಲ್ಲ ಕೇಳುವುದು. ಕುಮಾರವ್ಯಾಸನ ಹತ್ತು ಪರ್ವಗಳು ಮುಗಿಯಬೇಕಾದರೆ ತಿಂಗಳುಗಳೇ ಹಿಡಿಯುತ್ತಿದ್ದವು. ಒಂದು ಊರಿನ ಒಂದು ವರ್ಷದ ಓದು ಒಂದೇ ಪುಸ್ತಕ. ಆದರೆ ಅದನ್ನು ಓದದವರು ಊರಿನಲ್ಲಿ ಒಬ್ಬರೂ ಇಲ್ಲ! ವರ್ಷಕ್ಕೆ ಐವತ್ತು ಪುಸ್ತಕಗಳನ್ನು ಮುಗಿಸಿಯೂ ಒಂದನ್ನೂ ಯಾರೊಡನೆಯೂ ಮಾತನಾಡದವನು ಈ ಲೆಕ್ಕವನ್ನು ಒಮ್ಮೆ ಕೂಡಿಸಿ ನೋಡಬೇಕು.

ಸಂಗಮದ ಈ ಊರಿನ ಹೆಸರನ್ನು ದೇಶದುದ್ದಕ್ಕೂ ಕೊಂಡೊಯ್ದ ಪಿಟೀಲು ವಿದ್ವಾಂಸರು ತಿರುಮಕೂಡಲು ಚೌಡಯ್ಯನವರು (1895–1967). ಧ್ವನಿವರ್ಧಕಗಳು ಇನ್ನೂ ಸಾಮಾನ್ಯವಾಗದಿದ್ದ ದಿನಗಳಲ್ಲಿ ಸಭೆಯ ಕೊನೆಯ ಸಾಲಿನವರಿಗೂ ನಾದ ಕೇಳಿಸಲೆಂದು ಅವರು ನಾಲ್ಕು ತಂತಿಯ ಪಿಟೀಲಿಗೆ ಮತ್ತೆ ಮೂರು ತಂತಿಗಳನ್ನು ಸೇರಿಸಿದರೆಂದು ಹೇಳುತ್ತಾರೆ. ಹತ್ತಿರದ ಸೋಸಲೆಯ ಹೆಸರನ್ನು ಹೊತ್ತ ಅಯ್ಯಾಶಾಸ್ತ್ರಿಗಳ ಪ್ರಾರ್ಥನಾಗೀತವನ್ನು ಮೈಸೂರು ಸೀಮೆಯ ಶಾಲೆಗಳಲ್ಲಿ ತಲೆಮಾರುಗಳ ಮಕ್ಕಳು ಹಾಡಿದರು. ಕೊನೆಯ ಸಾಲಿನವನನ್ನೂ ಮರೆಯದಿರುವುದು ಈ ನೆಲದ ಗುಣವಿರಬೇಕು.

ಪಟ್ಟಣದ ಸಂಸಾರಗಳಿಗೂ ಈ ಗುಣ ಅಪರಿಚಿತವೇನಲ್ಲ. ಒಂದು ವಾರಪತ್ರಿಕೆಯನ್ನು ನಾಲ್ಕು ಮನೆಯವರು ಸರದಿಯ ಮೇಲೆ ಓದಿದ್ದು, ಧಾರಾವಾಹಿಯ ಪುಟಗಳನ್ನು ಜೋಪಾನವಾಗಿ ಬಿಡಿಸಿ ಹೊಲಿದು ಪುಸ್ತಕ ಮಾಡಿದ್ದು, ಮುಂದಿನ ಸಂಚಿಕೆಯಲ್ಲಿ ನಾಯಕಿಯ ಗತಿಯೇನೆಂದು ಅತ್ತೆಯೂ ಸೊಸೆಯೂ ಮುನಿಸನ್ನು ಮರೆತು ಚರ್ಚಿಸಿದ್ದು—ಇವೆಲ್ಲ ಎಷ್ಟೋ ಮನೆಗಳ ನೆನಪು. ಸರ್ಕಾರವೂ 1965ರಲ್ಲಿ ಸಾರ್ವಜನಿಕ ಗ್ರಂಥಾಲಯಗಳ ಕಾಯಿದೆಯನ್ನು ತಂದು, ಮನೆಗಂದಾಯದೊಡನೆ ಗ್ರಂಥಾಲಯದ ಕರವನ್ನೂ ಸೇರಿಸಿತು. ಮನೆಯುಳ್ಳವರೆಲ್ಲರೂ ಪುಸ್ತಕಕ್ಕಾಗಿ ಹಣವನ್ನು ತೆರುತ್ತಿದ್ದಾರೆ. ಪುಸ್ತಕವನ್ನು ತಂದು ಓದಿ, ಊಟದ ಹೊತ್ತಿನಲ್ಲಿ ಅದರ ಮಾತನ್ನೆತ್ತುವುದೊಂದೇ ಬಾಕಿ. ಅದಕ್ಕೆ ಕಾಯಿದೆಯಿಲ್ಲ, ಮನಸ್ಸು ಬೇಕು.

ಸಂಜೆಯ ಹೊತ್ತಿಗೆ ಸಂಗಮದ ದಂಡೆಯ ಗುಂಜಾ ನರಸಿಂಹಸ್ವಾಮಿಯ ಗುಡಿಯಲ್ಲಿ ದೀಪ ಹಚ್ಚುತ್ತಾರೆ. ಗುಂಜೆಯೆಂದರೆ ಗುಲಗಂಜಿ. ಸ್ವಾಮಿಯ ಕೈಯಲ್ಲಿ ಗುಲಗಂಜಿಯಿರುವುದರಿಂದ ಆ ಹೆಸರು. ಕಾಶಿಯನ್ನೂ ಈ ಕ್ಷೇತ್ರವನ್ನೂ ತಕ್ಕಡಿಯಲ್ಲಿಟ್ಟು ತೂಗಿದರೆ ಈ ಕ್ಷೇತ್ರ ಒಂದು ಗುಲಗಂಜಿಯಷ್ಟು ಹೆಚ್ಚು ತೂಗುವುದೆಂದು ಊರಿನವರು ಹೇಳುತ್ತಾರೆ. ಒಬ್ಬನೇ ಓದಿದ ಪುಸ್ತಕಕ್ಕೂ ಓದಿ ಇನ್ನೊಬ್ಬರಿಗೆ ಹೇಳಿದ ಪುಸ್ತಕಕ್ಕೂ ಇರುವ ಅಂತರ ಬಹುಶಃ ಅಷ್ಟೇ. ಆ ಗುಲಗಂಜಿಯ ತೂಕಕ್ಕಾಗಿ ನಂಜನಗೂಡಿನ ಬಾಲವಿಧವೆಯೊಬ್ಬರು ತಮ್ಮ ಯೌವನವನ್ನೇ ತೆತ್ತರು. ಈ ವರ್ಷದ ಓದಿನ ಪಟ್ಟಿಯನ್ನು ಬರೆಯುವವರು ಅದರಲ್ಲಿ ಅವರ ಪುಸ್ತಕವೊಂದಕ್ಕೂ ಸ್ಥಳ ಕೊಟ್ಟು, ಓದಿ ಮುಗಿಸಿ, ಪಕ್ಕದ ಮನೆಯವರ ಕೈಗೆ ಕೊಟ್ಟರೆ, ಆ ಸಾಲದಲ್ಲಿ ಒಂದಿಷ್ಟಾದರೂ ತೀರೀತು.