ಮೊಟ್ಟೆ ಮಾಯ

ಕಳ್ಳಪ್ರತಿ ತಡೆಯೋಕೆ ಬೀಗ ಎಲ್ಲರೂ ಹಾಕ್ತಾರೆ. ಆದರೆ 2000ರಲ್ಲಿ ಪ್ಲೇಸ್ಟೇಷನ್‌ಗೆ ಬಂದ 'ಸ್ಪೈರೋ: ಇಯರ್ ಆಫ್ ದ ಡ್ರ್ಯಾಗನ್' ಗೇಮ್‌ನವರು ಮಾಡಿದ್ದು ಶುದ್ಧ ಕಿತಾಪತಿ.

ಇದೇ ಸರಣಿಯ ಹಿಂದಿನ ಸ್ಪೈರೋ ಗೇಮನ್ನು ಕ್ರ್ಯಾಕರ್‌ಗಳು (ಬೀಗ ಒಡೆಯೋ ಮಂದಿ) ಬಿಡುಗಡೆಯಾಗಿ ವಾರ ಕಳೆದು ಸ್ವಲ್ಪ ದಿನಕ್ಕೇ ಒಡೆದು ಹಂಚಿದ್ದರು. ಹಾಗಾಗಿ ಈ ಸಲ ಗೇಮ್ ಮಾಡಿದ ಇನ್‌ಸೋಮ್ನಿಯಾಕ್ ಕಂಪನಿ, ಬೀಗವನ್ನ ಯಾರಾದರೂ ಮುಟ್ಟಿದ್ದಾರಾ ಅಂತ ನೋಡೋ ಕೋಡನ್ನೂ ಗೇಮ್ ತುಂಬಾ ಅಲ್ಲಲ್ಲಿ ಬಚ್ಚಿಟ್ಟಿತು. ಮುಟ್ಟಿದ್ದು ಗೊತ್ತಾದರೂ ಆಟ ನಿಲ್ಲಲ್ಲ. ಜೋಯಿ ಅನ್ನೋ ಕಿನ್ನರಿ ಬಂದು, ಇದು ಕಳ್ಳಪ್ರತಿ ಇದ್ದ ಹಾಗಿದೆ ಅಂತ ಎಚ್ಚರಿಸಿ ಹೋಗ್ತಾಳೆ, ಅಷ್ಟೆ. ಆಮೇಲೆ ಶುರು. ಕಷ್ಟಪಟ್ಟು ಕೂಡಿಸಿದ ಮೊಟ್ಟೆಗಳು ಒಂದೊಂದಾಗಿ ಕಾಣೆ. (ಕಳುವಾದ ಡ್ರ್ಯಾಗನ್ ಮೊಟ್ಟೆ ಹುಡುಕೋದೇ ಆಟದ ಕತೆ. ಅದರಲ್ಲಿ ಮತ್ತೆ ಮೊಟ್ಟೆಯನ್ನೇ ಕದಿಯೋದು! ಈ ಐಡಿಯಾ ಕೊಟ್ಟವರಿಗೆ ಒಂದು ನಮಸ್ಕಾರ.) ಕಡೆಗೆ ಆಟದ ಖಳನಾಯಕಿ ಮಾಟಗಾತಿ ಜೊತೆ ಕಾದಾಡ್ತಿರುವಾಗ ಆಟ ಸೀದಾ ಮೊದಲಿಗೆ ವಾಪಸ್, ಸೇವ್ ಮಾಡಿದ್ದೆಲ್ಲ ಸ್ವಾಹಾ.

ಇದರ ಮಜಾ ಇರೋದು ಕ್ರ್ಯಾಕರ್‌ಗಳ ಫಜೀತಿಯಲ್ಲಿ. ಅವರಲ್ಲಿ ಯಾರು ಮೊದಲು ಒಡೆದರು ಅನ್ನೋದೇ ಪ್ರತಿಷ್ಠೆ. ಗೇಮ್ ಶುರುವಾಯ್ತು ಅಂದ್ರೆ ಗೆದ್ದ ಹಾಗೆ. ಇಲ್ಲಿ ಮಾತ್ರ ನಿಜವಾಗಿ ಒಡೆದಿದೆಯಾ ಅಂತ ತಿಳಿಯೋಕೆ ಪೂರ್ತಿ ಆಡಿಯೇ ನೋಡಬೇಕು. ಅವಸರದ ಮಂದಿಗೆ ಇದಕ್ಕಿಂತ ದೊಡ್ಡ ಶಿಕ್ಷೆ ಬೇಕಾ?

ಎರಡು ತಿಂಗಳಿಗೂ ಹೆಚ್ಚು ತಿಣುಕಾಡಿ ಕೊನೆಗೂ ಒಡೆದರು ಅನ್ನಿ. ಕಂಪನಿಗೆ ಬೇಕಿದ್ದದ್ದೂ ಅಷ್ಟೇ ಟೈಮು. ಗೇಮ್‌ಗಳ ಮಾರಾಟದ ದೊಡ್ಡ ಪಾಲು ನಡೆಯೋದೇ ಆ ಶುರುವಿನ ವಾರಗಳಲ್ಲಿ.