ಸರ್ವರ್ ಡೌನ್, ರೈತರ ಪರದಾಟ

ಈ ತಲೆಬರಹದ ಸುದ್ದಿಯನ್ನು ಎಷ್ಟು ಸಲ ಕಳಿಸಿದ್ದೇನೋ ಲೆಕ್ಕವಿಲ್ಲ. ಊರು, ದಿನಾಂಕ ಬದಲಾಯಿಸಿದರೆ ಸಾಕು, ಮಿಕ್ಕಿದ್ದೆಲ್ಲ ಹಳೆಯದೇ ನಡೆಯುತ್ತದೆ. ಪಹಣಿಗೆ ಬಂದವರು ಮೆಟ್ಟಿಲ ಮೇಲೆ ಕೂತಿರುತ್ತಾರೆ. ಒಳಗಿನವರು 'ಬೆಂಗಳೂರಿಂದಲೇ ಇಲ್ಲ' ಅನ್ನುತ್ತಾರೆ. ಬೆಂಗಳೂರಿನಲ್ಲಿ ಏನು ಇಲ್ಲ ಅಂತ ಕೇಳಿದರೆ ಹೇಳುವವರು ಅಲ್ಲಿರುವುದಿಲ್ಲ.

ನಮ್ಮ ಚಿಕ್ಕಪ್ಪನ ಮಗಳು ಕುಮಾರ ಪಾರ್ಕ್‌ನಲ್ಲಿ ಒಂದು ಸಣ್ಣ ಸಾಫ್ಟ್‌ವೇರ್ ಕಂಪನಿಯಲ್ಲಿದ್ದಾಳೆ. ಊರಿನವರೊಬ್ಬರ ಜೊತೆ ಅಲ್ಲೇ ಬಿಡಿಎ ಕಚೇರಿಗೆ ಹೋಗಿದ್ದವನು, ಮಧ್ಯಾಹ್ನ ಅವಳಲ್ಲಿಗೆ ಹೋದೆ. ದಿವಾನ್ ಶೇಷಾದ್ರಿ ಅಯ್ಯರ್ ಅವರ 'ಕುಮಾರ ಕೃಪಾ' ಮನೆಯಿಂದ ಹೆಸರು ಪಡೆದ ಬಡಾವಣೆ ಅದು. ಹಳೇ ಮನೆಯ ಮಹಡಿ ಮೇಲೆ ಆರು ಟೇಬಲ್, ಒಂದು ಕಾಫಿ ಫ್ಲಾಸ್ಕ್. ಸರ್ವರ್ ಎಲ್ಲಿ ಅಂದೆ. 'ಇಲ್ಲಿಲ್ಲ ಅಣ್ಣ, ಮುಂಬೈನಲ್ಲಿ' ಅಂದಳು. ಅಮೆಜಾನ್ 2016ರಲ್ಲಿ ಅಲ್ಲಿ ಕ್ಲೌಡ್ ಕೇಂದ್ರ ತೆರೆದಿದೆ. ಕ್ಲೌಡ್ ಅಂದರೆ ಮೋಡವಲ್ಲ, ಬೇರೆಯವರ ಕಟ್ಟಡದಲ್ಲಿ ಬಾಡಿಗೆಗೆ ಸಿಗುವ ಕಂಪ್ಯೂಟರ್.

ಅವಳು ಮಾಡುತ್ತಿದ್ದದ್ದು ಒಂದು ರೈತ ಉತ್ಪಾದಕ ಕಂಪನಿಯ ಲೆಕ್ಕದ ಆ್ಯಪ್. ಯಾರು ಎಷ್ಟು ಚೀಲ ರಾಗಿ ತಂದರು, ತೂಕ ಎಷ್ಟು, ಬಾಕಿ ಎಷ್ಟು, ಎಲ್ಲ ಅದರಲ್ಲಿ. ಮೊದಲು ಹೊಸ ಆವೃತ್ತಿ ಹಾಕುವ ರಾತ್ರಿ ಒಬ್ಬರು ನೋಟ್‌ಬುಕ್ ಇಟ್ಟುಕೊಂಡು ಒಂದೊಂದೇ ಹೆಜ್ಜೆ ಟೈಪ್ ಮಾಡುತ್ತಿದ್ದರಂತೆ. ನಿದ್ದೆಗಣ್ಣಲ್ಲಿ ಒಂದು ಹೆಜ್ಜೆ ಬಿಟ್ಟರೆ ಬೆಳಿಗ್ಗೆ ಆ್ಯಪ್ ತೆರೆಯುತ್ತಿರಲಿಲ್ಲ. ಈಗ ಆ ಹೆಜ್ಜೆಗಳೆಲ್ಲ ಒಂದು ಫೈಲಿನಲ್ಲಿವೆ. ಎಂಥ ಕಂಪ್ಯೂಟರ್ ಬೇಕು, ಯಾವ ಬಾಗಿಲು ತೆರೆದಿರಬೇಕು ಅನ್ನುವುದನ್ನೂ ಬರೆದಿಡಬಹುದು, ಅದಕ್ಕೆ ಟೆರಾಫಾರ್ಮ್ ಎಂಬ ಸಾಧನವಿದೆ. ಅವಳು ಒಂದು ಸಾಲು ಒತ್ತಿದಳು. ಪರೀಕ್ಷೆಗಳು ತಾವೇ ನಡೆದವು, ಹೊಸ ಆವೃತ್ತಿ ಮುಂಬೈಗೆ ಹೋಗಿ ಕೂತಿತು. ಕಾಫಿ ಇನ್ನೂ ಬಿಸಿಯಿತ್ತು.

'ಕೆಟ್ಟರೆ?' ಅಂದೆ.

'ಹಳೇದು ತಾನೇ ವಾಪಸ್ ಬರುತ್ತೆ. ಆ್ಯಪ್ ಅಂದ್ರೆ ಜಾತ್ರೆ ನಾಟಕದ ಸ್ಟೇಜ್ ಇದ್ದಂಗೆ ಅಣ್ಣ, ಬಿಚ್ಚಿ ಬೇರೆ ಊರಲ್ಲಿ ಕಟ್ಟಬಹುದು. ಡೇಟಾಬೇಸ್ ಊರ ಕೆರೆ ಇದ್ದಂಗೆ. ಅದನ್ನ ಬಿಚ್ಚಿ ಕಟ್ಟೋಕಾಗಲ್ಲ.'

ಇದು ನನಗೆ ಹೊಸದು. ಮಧ್ಯಾಹ್ನ ಎರಡಕ್ಕೆ ಹೊಸ ಆವೃತ್ತಿ ಹಾಕಿ, ಮೂರಕ್ಕೆ ಸರಿಯಿಲ್ಲವೆಂದು ಹಳೆಯದಕ್ಕೆ ಮರಳಿದರೆ, ಆ ಒಂದು ಗಂಟೆಯಲ್ಲಿ ಬರೆದ ತೂಕಗಳು ಏನಾಗಬೇಕು? ಅವನ್ನು ಅಳಿಸುವ ಹಾಗಿಲ್ಲ, ಚೀಲ ಆಗಲೇ ಗೋದಾಮಿನಲ್ಲಿದೆ. ಹಾಗಾಗಿ ಹಮಾಲಿಗೆ ಒಂದು ಹೊಸ ಕಾಲಂ ಸೇರಿಸುವುದಿದ್ದರೂ ಹಳೇ ಕಾಲಮ್‌ಗಳನ್ನು ಮುಟ್ಟದೆ ಪಕ್ಕದಲ್ಲಿ ಸೇರಿಸುತ್ತಾರೆ. ಹಳೇ ಆವೃತ್ತಿಗೂ ಹೊಸದಕ್ಕೂ ಅದೇ ಪುಸ್ತಕ ಓದಲು ಬರಬೇಕು. ಇನ್ನೊಂದು ಭಯವಿದೆ. ಎಲ್ಲವನ್ನೂ ಕಟ್ಟುವ ಸ್ಕ್ರಿಪ್ಟಿಗೆ ಎಲ್ಲವನ್ನೂ ಕೆಡವುವ ಆಜ್ಞೆಯೂ ಗೊತ್ತಿರುತ್ತದೆ. ಅದಕ್ಕೇ ಡೇಟಾಬೇಸ್ ಮುಂದೆ ಮಾತ್ರ 'ಅಳಿಸಬೇಡ' ಎಂದು ಬೇರೆಯಾಗಿ ಬೀಗ ಬರೆಯುತ್ತಾರೆ.

ಬ್ಯಾಕಪ್ ಇದೆಯಲ್ಲ ಅಂದೆ. ಅವಳು ಗಿಟ್‌ಲ್ಯಾಬ್ ಕಥೆ ಹೇಳಿದಳು. ಲೋಕದ ಸಾಫ್ಟ್‌ವೇರ್‌ನವರು ತಮ್ಮ ಕೋಡ್ ಇಡುವ ಕಂಪನಿ ಅದು. 2017ರ ಜನವರಿ 31ರ ರಾತ್ರಿ ಅಲ್ಲಿನ ಎಂಜಿನಿಯರ್ ಒಬ್ಬರು ನಿಜವಾದ ಡೇಟಾಬೇಸನ್ನೇ ಅಳಿಸಿಬಿಟ್ಟರು. ಬ್ಯಾಕಪ್‌ಗೆ ಒಂದಲ್ಲ, ಐದು ಬಗೆ ಮಾಡಿಕೊಂಡಿದ್ದರು. ಬೇಕಾದಾಗ ಯಾವುದೂ ಸರಿಯಾಗಿ ಒದಗಲಿಲ್ಲ. ಪುಣ್ಯಕ್ಕೆ ಸುಮಾರು ಆರು ಗಂಟೆ ಮುಂಚೆ ಒಬ್ಬರು ಕೈಯಾರೆ ತೆಗೆದಿಟ್ಟ ಪ್ರತಿ ಇತ್ತು. ಆ ಆರು ಗಂಟೆಯ ಬರಹ ಹೋಯಿತು. ಮೆಚ್ಚಬೇಕಾದ್ದೆಂದರೆ ಅವರು ಏನನ್ನೂ ಮುಚ್ಚಿಡದೆ ಎಲ್ಲರೆದುರು ಬರೆದರು.

ಇದನ್ನು ಕೇಳುವಾಗ ನನ್ನ ತಲೆಯಲ್ಲಿದ್ದದ್ದು ಪಹಣಿ. 'ಭೂಮಿ' ಯೋಜನೆ ಬಂದಾಗ 177 ತಾಲೂಕುಗಳ ಸುಮಾರು 2 ಕೋಟಿ ಪಹಣಿಗಳನ್ನು ಕಂಪ್ಯೂಟರಿಗೆ ಏರಿಸಿದರು. 15 ರೂಪಾಯಿ ಕೊಟ್ಟು ಪ್ರಿಂಟ್ ತೆಗೆದದ್ದು ನಿಮ್ಮಲ್ಲಿ ಹಲವರಿಗೆ ನೆನಪಿರಬಹುದು. ಆಗ ಆಯಾ ತಾಲೂಕಿನ ಕೆರೆ ಆಯಾ ತಾಲೂಕಿನಲ್ಲೇ ಇತ್ತು, ಸರ್ವರ್ ಕಚೇರಿಯೊಳಗೆ. ಈಗ ಎಲ್ಲ ನೀರು ಒಂದೇ ಕಡೆ. ಕಾಯುವುದು ಸುಲಭ, ನಿಜ. ಆದರೆ ಮೊದಲು ಒಂದು ತಾಲೂಕಿನವರು ಮೆಟ್ಟಿಲ ಮೇಲೆ ಕೂರುತ್ತಿದ್ದರು, ಈಗ ರಾಜ್ಯವೇ ಕೂರಬೇಕಾಗುತ್ತದೆ.

ಸರ್ವರ್ ಡೌನ್ ಅಂದರೆ ಕಾರಣ ಒಂದೇ ಅಲ್ಲ. ನೋಂದಣಿಯ ಕಾವೇರಿ 2.0 ಮೇಲೆ 2025ರ ಜನವರಿಯಲ್ಲಿ ನಡೆದದ್ದು ಹೊರಗಿನ ದಾಳಿ, ಸುಳ್ಳು ಗಿರಾಕಿಗಳ ನೂಕುನುಗ್ಗಲು. ಅಂಥ ದಿನ ಸ್ಟೇಜ್ ಮುರಿಯುತ್ತದೆ, ಕೆರೆ ಉಳಿಯುತ್ತದೆ. ನಾಳೆ ಬಂದರೆ ಕೆಲಸವಾಗುತ್ತದೆ. ಕೆರೆಯೇ ಒಡೆದರೆ ನಾಳೆ ಬಂದವನ ಮ್ಯುಟೇಶನ್ ಇರುವುದಿಲ್ಲ. ನಾವು ಎರಡಕ್ಕೂ ಒಂದೇ ತಲೆಬರಹ ಕೊಡುತ್ತೇವೆ.

ಅವಳು ಪ್ರತಿ ತಿಂಗಳು ಬ್ಯಾಕಪ್‌ನಿಂದ ಬೇರೊಂದು ಖಾಲಿ ಡೇಟಾಬೇಸ್ ಕಟ್ಟಿ, ಯಾರೋ ಒಬ್ಬ ರೈತನ ಬಾಕಿ ತೆಗೆದು ತಾಳೆ ನೋಡುತ್ತಾಳೆ. ಅದಕ್ಕೂ ಸ್ಕ್ರಿಪ್ಟ್ ಇದೆ, ಆದರೆ ಕೊನೆಯ ತಾಳೆ ಮಾತ್ರ ಕಣ್ಣಿನಿಂದಲೇ.

ಊರಿಗೆ ಬಂದ ಮೇಲೆ ಹತ್ತು ರೂಪಾಯಿ ಪೋಸ್ಟಲ್ ಆರ್ಡರ್ ಇಟ್ಟು ಮಾಹಿತಿ ಹಕ್ಕಿನಲ್ಲಿ ಒಂದು ಇಲಾಖೆಗೆ ಎರಡು ಪ್ರಶ್ನೆ ಹಾಕಿದ್ದೇನೆ. ನಮ್ಮ ತಾಲೂಕಿನ ದಾಖಲೆಗಳ ಬ್ಯಾಕಪ್ ಎಷ್ಟು ದಿನಕ್ಕೊಮ್ಮೆ ತೆಗೆಯುತ್ತೀರಿ? ಅದನ್ನು ವಾಪಸ್ ಹಾಕಿ ನೋಡಿದ ಕೊನೆಯ ದಿನಾಂಕ ಯಾವುದು? 30 ದಿನದೊಳಗೆ ಉತ್ತರ ಬರಬೇಕು. ನಿಮ್ಮ ತಾಲೂಕಿಗೂ ಹಾಕುವುದಿದ್ದರೆ ಪ್ರಶ್ನೆಯನ್ನು ಹೀಗೇ ಬರೆಯಿರಿ, 'ಬ್ಯಾಕಪ್ ಇದೆಯೇ' ಅಂತ ಮಾತ್ರ ಕೇಳಬೇಡಿ. 'ಇದೆ' ಅಂತ ಬರೆದು ಕಳಿಸುತ್ತಾರೆ.