ಹೆಬ್ಬಾಳದಿಂದ ನಂದಿಗೆ: ಅಪಾಯದ ಲೆಕ್ಕ

ಭಾನುವಾರ, ಬೆಳಗಿನ ಐದು ಗಂಟೆ. ಬೆಂಗಳೂರಿನ ಹೆಬ್ಬಾಳದ ಮೇಲ್ಸೇತುವೆಯನ್ನು ಸೈಕಲ್ಲಿನಲ್ಲಿ ಇಳಿಯುತ್ತಿದ್ದೀರಿ. ಹಿಂದೆ ಕೆಂಪು ದೀಪ ಮಿಣುಕುತ್ತಿದೆ, ಡಾಂಬರಿನ ಮೇಲೆ ಟೈರು ಸಣ್ಣಗೆ ಗುಂಯ್‌ಗುಡುತ್ತಿದೆ. ರಸ್ತೆ ಖಾಲಿ. ಅಷ್ಟರಲ್ಲಿ ಎಡಗಡೆಯಿಂದ ಇನ್ನೊಂದು ರಸ್ತೆ ಬಂದು ಕೂಡಿಕೊಳ್ಳುತ್ತದೆ. ಅಂಚು ಹಿಡಿದು ಬಂದ ನೀವು ಏಕಾಏಕಿ ನಡುರಸ್ತೆಯಲ್ಲಿ! ಎಡಕ್ಕೆ ಹಾಲಿನ ವ್ಯಾನು, ಬಲಕ್ಕೆ ಏರ್‌ಪೋರ್ಟ್ ಟ್ಯಾಕ್ಸಿ. ತಿರುಗಿ ನೋಡಿ, ಕೈ ತೋರಿಸಿ, ಜೋರಾಗಿ ತುಳಿದು ಎಡಕ್ಕೆ ಸರಿಯುತ್ತೀರಿ.

ಯಲಹಂಕ ದಾಟಿದರೆ ಹೆದ್ದಾರಿ ನೇರ. ನಿಮ್ಮ ವೇಗ ಗಂಟೆಗೆ 25 ಕಿಲೋಮೀಟರು. ನಂದಿ ಬೆಟ್ಟದ ಸೂರ್ಯೋದಯ ಹಿಡಿಯಲು ಹೊರಟ ಕಾರಿನದು 80. ನೂರು ಮೀಟರು ಹಿಂದೆ ಸದ್ದು ಕೇಳಿಸಿದರೆ, ಅದು ಪಕ್ಕಕ್ಕೆ ಬರಲು ಏಳು ಸೆಕೆಂಡೂ ಬೇಡ. ಗಾಳಿ ಭುಜ ತಳ್ಳುತ್ತದೆ, ಹ್ಯಾಂಡಲ್ ಅದುರುತ್ತದೆ, ಬೆನ್ನು ಬಿಗಿಯುತ್ತದೆ. ಮನೆಯವರು ಹೆದರುವುದು ಇದಕ್ಕೇ.

ನಿಜಕ್ಕೂ ಎಷ್ಟು ಅಪಾಯ? ತುಳಿಯುತ್ತಲೇ ಲೆಕ್ಕ ಹಾಕಿ. ಸರ್ಕಾರಿ ಪಟ್ಟಿಯ ಪ್ರಕಾರ 2022ರಲ್ಲಿ ದೇಶದ ರಸ್ತೆಗಳಲ್ಲಿ ಸತ್ತವರು 1,68,491. ಅದರಲ್ಲಿ ಬೈಕು, ಸ್ಕೂಟರಿನವರು 74,897. ಸೈಕಲ್ಲಿನವರು ನೂರಕ್ಕೆ ಮೂವರ ಆಸುಪಾಸು. ಸೈಕಲ್ಲೇ ಕ್ಷೇಮ ಎಂದು ಹಿಗ್ಗಬೇಡಿ. ಇವೆಲ್ಲ ಭಿನ್ನರಾಶಿಯ ಮೇಲಿನ ಅಂಕಿ. ಕೆಳಗಿರಬೇಕಾದ ಅಂಕಿ, ಅಂದರೆ ಅಷ್ಟೂ ಸೈಕಲ್ಲುಗಳು ವರ್ಷವಿಡೀ ಓಡಿದ ಕಿಲೋಮೀಟರು, ಆ ಪಟ್ಟಿಯಲ್ಲಿಲ್ಲ. ದೀಪವಿಲ್ಲದೆ ಪಾಳಿಗೆ ಹೊರಟ ಕಾರ್ಮಿಕನೂ ಹೆಲ್ಮೆಟ್ ತೊಟ್ಟ ನೀವೂ ಅಲ್ಲಿ ಒಂದೇ ಸಾಲು.

ನಂದಿ ಕ್ರಾಸಿನಲ್ಲಿ ಎಡಕ್ಕೆ ಹೊರಳಿ ದ್ರಾಕ್ಷಿ ತೋಟಗಳನ್ನು ದಾಟಿದರೆ ಬೆಟ್ಟದ ಬುಡ. ಸುಮಾರು ಎಂಟು ಕಿಲೋಮೀಟರ್ ಏರು. ತೊಡೆ ಉರಿಯುತ್ತದೆ, ಬೆವರು ಕಣ್ಣಿಗಿಳಿಯುತ್ತದೆ, ತಿರುವಿನ ಸಂಖ್ಯೆಗಳು ನಿಧಾನವಾಗಿ ಹಿಂದೆ ಸರಿಯುತ್ತವೆ. ಈ ಬೆವರಿಗೂ ಲೆಕ್ಕವಿದೆ. ಕಾರು ಬಿಟ್ಟು ಸೈಕಲ್ ಹಿಡಿದವರ ಆಯುಸ್ಸನ್ನು 2010ರಲ್ಲಿ ನೆದರ್ಲೆಂಡ್ಸಿನ ಸಂಶೋಧಕರು ಅಂದಾಜಿಸಿದರು: ವ್ಯಾಯಾಮದಿಂದ ಬರುವುದು 3ರಿಂದ 14 ತಿಂಗಳು, ಅಪಘಾತದಿಂದ ಹೋಗುವುದು 5ರಿಂದ 9 ದಿನ. ಸೈಕಲ್ಲಿಗೆಂದೇ ದಾರಿ ಬಿಟ್ಟ ನಾಡಿನ ಲೆಕ್ಕ ಅದು; ಹೆಬ್ಬಾಳಕ್ಕೆ ಹಾಗೇ ಎತ್ತಿ ತರುವಂತಿಲ್ಲ.

ಬೆಟ್ಟದ ನೆತ್ತಿ, 1,478 ಮೀಟರು. ಏರಲು ಒಂದು ಗಂಟೆ ಹಿಡಿದ ದಾರಿ ಇಳಿಯಲು ಕಾಲು ಗಂಟೆ ಸಾಕು. ಕಿಲೋಮೀಟರು ಎಣಿಸಿದರೆ ಏರು, ಇಳಿತ ಎರಡೂ ಸಮ. ಗಂಟೆ ಎಣಿಸಿದರೆ ಇಳಿತ ಒಟ್ಟು ಹೊತ್ತಿನ ಐದರಲ್ಲೊಂದು ಪಾಲು. ಆದರೆ ಈಗ ವೇಗದ ಮೀಟರು 50 ತೋರಿಸುತ್ತಿದೆ. ವೇಗ 25ರಿಂದ 50ಕ್ಕೇರಿದರೆ ಪೆಟ್ಟಿನ ಶಕ್ತಿ ನಾಲ್ಕು ಪಟ್ಟು. ಮುಂದಿನ ತಿರುವಿನಲ್ಲಿ ಮರಳು ಹರಡಿದೆ, ಕಟ್ಟೆಯ ಮೇಲೆ ಕೋತಿಗಳು, ಎದುರಿಗೆ ತಿರುವು ಕತ್ತರಿಸಿ ಬರುತ್ತಿರುವ ಕಾರು.

ಇಡೀ ದಾರಿಗೊಂದು ಸರಾಸರಿ ಹುಡುಕಿ ಫಲವಿಲ್ಲ. ಅಪಾಯ ಕಿಲೋಮೀಟರಿಗಿಷ್ಟು ಎಂದು ಸಮನಾಗಿ ಹಂಚಿಹೋಗಿಲ್ಲ. ರಸ್ತೆ ಕೂಡುವಲ್ಲಿ, ಇಂಥ ತಿರುವುಗಳಲ್ಲಿ ಗಂಟು ಕಟ್ಟಿ ಕೂತಿದೆ. ತಿರುವಿಗೆ ಮುಂಚೆಯೇ ಬ್ರೇಕ್ ಹಿಡಿಯಿರಿ, ಹಿಂದಿನವರು ಮುಂದೆ ಹೋದರೆ ಹೋಗಲಿ. ಇಷ್ಟೂ ಲೆಕ್ಕದಲ್ಲಿ ನಿಮ್ಮ ಕೈಯಲ್ಲಿರುವ ಅಂಕಿ ಮೀಟರಿನಲ್ಲಿ ಕಾಣುವ ಅದೊಂದೇ.